ನಡುಮನೆಯಲ್ಲಿ ಇಪ್ಪತ್ತಾರು ಸ್ಟಾಪು

ಡಿಪೋದಲ್ಲಿ ಅವನನ್ನು ನಿಜವಾದ ಹೆಸರಿನಿಂದ ಕರೆಯುತ್ತಿದ್ದವನು ಸಂಬಳದ ಗುಮಾಸ್ತ ಒಬ್ಬನೇ, ಅದೂ ತಿಂಗಳಿಗೊಂದು ಸಲ. ಉಳಿದವರ ಬಾಯಲ್ಲಿ ಅವನು ನಿಧಾನಪ್ಪ. ಇಪ್ಪತ್ತೇಳು ವರ್ಷ ಬಸ್ಸು ಓಡಿಸಿದ್ದ, ಒಂದು ಸೈಕಲ್ಲಿಗೂ ತಾಗಿಸಿರಲಿಲ್ಲ. ಅವನು ಬ್ರೇಕು ಹಾಕಿದರೆ ನಿಂತಿದ್ದವರು ಮುಗ್ಗರಿಸುತ್ತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಾಡಿ ನಿಲ್ಲುತ್ತಿತ್ತು. ಬೇರೆ ಡ್ರೈವರುಗಳು ನಲವತ್ತೈದು ನಿಮಿಷದಲ್ಲಿ ಮುಗಿಸುವ ಟ್ರಿಪ್ಪಿಗೆ ಅವನು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ. ಕೇಳಿದರೆ, "ವೇಳಾಪಟ್ಟೀಲಿ ಎಷ್ಟಿದೆ ನೋಡು" ಎನ್ನುತ್ತಿದ್ದ. ವೇಳಾಪಟ್ಟಿಯಲ್ಲಿ ಒಂದು ಗಂಟೆಯೇ ಇತ್ತು, ಆದರೆ ಇಡೀ ಡಿಪೋದಲ್ಲಿ ಅದನ್ನು ಓದಿದವನು ಅವನೊಬ್ಬನೇ. ಕಿಟಕಿಯ ಕಡೆಯ ಬಲಗೈ ಬಿಸಿಲಿಗೆ ಕಪ್ಪಾಗಿ, ಗೇರಿನ ಕಡೆಯ ಎಡಗೈ ತೆಳುಬಣ್ಣದಲ್ಲೇ ಉಳಿದು, ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಇವನದು, ಇನ್ನೊಂದು ಸಾಲ ತಂದದ್ದು ಎನ್ನಬೇಕಿತ್ತು.

ಅವನ ಕಂಡಕ್ಟರಿಗೂ ಒಂದು ಅಡ್ಡಹೆಸರಿತ್ತು. ಬಸ್ಸು ನಿಲ್ಲಿಸಲು ಒಂದು ಬೆಲ್ಲು, ಹೊರಡಿಸಲು ಎರಡು ಬೆಲ್ಲು ಎಂಬುದು ಎಲ್ಲ ಬಸ್ಸುಗಳ ಪದ್ಧತಿ. ಈ ಮನುಷ್ಯನಿಗೆ ಬೆಲ್ಲಿನ ಮೇಲೆ ನಂಬಿಕೆಯಿರಲಿಲ್ಲ. ಹಗ್ಗ ಎಳೆಯುವ ಬದಲು ಹಿಂದಿನ ಬಾಗಿಲಲ್ಲಿ ನಿಂತು ನಾಭಿಯಿಂದ "ಹೋಲ್ಡಾನ್" ಎಂದು ಕೂಗುತ್ತಿದ್ದ. ಕೊನೆಯವರ ಕಾಲು ಮೆಟ್ಟಿಲು ಹತ್ತಿದ ಮೇಲೆ "ರೈಟ್" ಎನ್ನುತ್ತಿದ್ದ. ಹೀಗಾಗಿ ಅವನ ಹೆಸರೇ ಹೋಲ್ಡಾನ್ ಆಯಿತು. ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಬಸ್ಸಿನಲ್ಲಿದ್ದರು. ಡ್ಯೂಟಿ ಮುಗಿದ ಮೇಲೆ ನೀನು, ತಾನು ಎಂದು ಮಾತಾಡಿದರೂ ಬಸ್ಸಿನೊಳಗೆ ಮಾತ್ರ "ನೀವು". ಪ್ರಯಾಣಿಕರ ಎದುರು ಮರ್ಯಾದೆ ಕೊಟ್ಟುಕೊಳ್ಳದಿದ್ದರೆ ಅವರೂ ಕೊಡುವುದಿಲ್ಲ ಎಂಬುದು ಹೋಲ್ಡಾನನ ಲೆಕ್ಕ. ಅಷ್ಟು ವರ್ಷದಲ್ಲಿ ನಿಧಾನಪ್ಪನ ಕೈಕಾಲುಗಳು ತಲೆಯನ್ನು ಕೇಳದೆ ನೇರವಾಗಿ ಆ ದನಿಯ ಮಾತು ಕೇಳುವುದನ್ನು ಕಲಿತಿದ್ದವು. ಹೋಲ್ಡಾನ್ ಎಂದರೆ ಬ್ರೇಕು, ನ್ಯೂಟ್ರಲ್, ಹ್ಯಾಂಡ್‌ಬ್ರೇಕು, ಆಮೇಲೆ ಪೆಡಲಿನಿಂದ ಕಾಲು ಎತ್ತಿ ಒಂದು ಉದ್ದನೆಯ ಉಸಿರು. ದಿನವಿಡೀ ಡ್ರೈವರಿಗೆ ಸಿಗುವ ವಿಶ್ರಾಂತಿ ಅಷ್ಟೇ.

ಆಮೇಲೆ ರೋಗ ಬಂತು, ಬಸ್ಸುಗಳು ನಿಂತವು. ಎರಡು ವಾರ ಎಂದದ್ದು ಎರಡು ತಿಂಗಳಾಯಿತು. ಡಿಪೋದಿಂದ ಫೋನಿಗೆ ಒಂದು ಸುತ್ತೋಲೆ ಬಂತು: ಬಸ್ಸು ಮತ್ತೆ ಬಿಡುವ ಮೊದಲು ಐವತ್ತು ದಾಟಿದ ಸಿಬ್ಬಂದಿಗೆಲ್ಲ ವೈದ್ಯಕೀಯ ತಪಾಸಣೆ, ರಕ್ತದೊತ್ತಡದ ಮೇಲಿನ ಅಂಕಿ ನೂರೈವತ್ತು ದಾಟಿದ ಡ್ರೈವರಿಗೆ ಸ್ಟೇರಿಂಗ್ ಇಲ್ಲ, ಟಯರ್ ವಿಭಾಗ. ನಿಧಾನಪ್ಪನಿಗೆ ಐವತ್ತನಾಲ್ಕು ವರ್ಷ. ಹಿಂದಿನ ವರ್ಷ ಅವನ ಅಂಕಿ ನೂರನಲವತ್ತೆಂಟು ಇತ್ತು.

ಟಯರ್ ವಿಭಾಗವೆಂದರೆ ಡಿಪೋದ ಹಿಂದಿನ ತಗಡಿನ ಶೆಡ್ಡು. ಕಣ್ಣು ಮಂಜಾದ, ಬೆನ್ನು ಹಿಡಿದ, ಸಕ್ಕರೆ ಏರಿದ ಹಳೆಯ ಡ್ರೈವರುಗಳು ಅಲ್ಲಿ ಕೂತು ಪಂಕ್ಚರ್ ಹುಡುಕುತ್ತಿದ್ದರು. ಪ್ರತಿ ಬಸ್ಸು ಹೊರಡುವಾಗಲೂ ಅವರೆಲ್ಲ ಒಟ್ಟಿಗೆ ತಲೆ ಎತ್ತಿ ನೋಡುವುದನ್ನು ನಿಧಾನಪ್ಪ ತನ್ನ ಕನ್ನಡಿಯಲ್ಲಿ ಸಾವಿರ ಸಲ ಕಂಡಿದ್ದ. ಅವನಿಗೆ ರೋಗದ ಭಯಕ್ಕಿಂತ ಆ ಶೆಡ್ಡಿನ ಭಯ ಹೆಚ್ಚಾಗಿತ್ತು. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಆದರೆ ಮನೆಯಲ್ಲಿದ್ದವರಿಗೆ ಗೊತ್ತಿತ್ತು.

ಮನೆ ಮೂರನೆಯ ಮಹಡಿಯಲ್ಲಿತ್ತು. ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ನಾಲ್ಕು ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಕೋಣೆಯ ಬಾಗಿಲು ಹಾಕಿಕೊಂಡು ಮಗಳು ಫೋನಿನಲ್ಲಿ ಕಾಲೇಜಿನ ಪಾಠ ಕೇಳುತ್ತಿದ್ದಳು. ಹೆಂಡತಿ ನಡುಮನೆಯ ಮೂಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಅವನ ಹಳೆಯ ಖಾಕಿ ಅಂಗಿಗಳನ್ನು ಕತ್ತರಿಸಿ ಮಾಸ್ಕು ಹೊಲಿಯುತ್ತಿದ್ದಳು. ಉಳಿದ ಜಾಗ ಅವನದು ಮತ್ತು ಟೀವಿಯದು. ಬೆಳಗ್ಗೆ ಏಳಕ್ಕೆ ಕೂತರೆ ಒಂದೇ ಸುದ್ದಿಯನ್ನು ಐದು ಚಾನೆಲ್ಲಿನಲ್ಲಿ ನೋಡಿ ಐದರಷ್ಟು ಹೆದರುತ್ತಿದ್ದ. ಮೆಡಿಕಲ್ ಅಂಗಡಿಯಿಂದ ರಕ್ತದೊತ್ತಡದ ಯಂತ್ರವನ್ನೂ ತರಿಸಿದ್ದ. ದಿನಕ್ಕೆ ಹನ್ನೊಂದು ಸಲ ತೋಳಿಗೆ ಪಟ್ಟಿ ಸುತ್ತಿಕೊಳ್ಳುವುದು, ಅಂಕಿ ನೋಡಿ ಗಾಬರಿಯಾಗುವುದು, ಗಾಬರಿಗೆ ಎಷ್ಟು ಏರಿತೋ ಎಂದು ಮತ್ತೆ ಸುತ್ತಿಕೊಳ್ಳುವುದು. ಕೆರೆದು ಹುಣ್ಣು ಮಾಡಿಕೊಳ್ಳುವುದು ಎಂದರೆ ಇದೇ. ಅಂಕಿ ನೂರರವತ್ತಮೂರಕ್ಕೆ ಹೋಗಿ ಕೂತಿತು.

ಒಂದು ದಿನ ಮಗಳು ನೀರು ಕುಡಿಯಲು ಹೊರಗೆ ಬಂದವಳು ಅವನ ಕುರ್ಚಿಯ ಮುಂದೆ ಬಗ್ಗಿ ನೆಲದ ಚಾಪೆ ನೋಡಿದಳು. ಬಲಗಾಲಿನ ಜಾಗದಲ್ಲಿ ಎಳೆ ಸವೆದು ನೆಲ ಕಾಣುತ್ತಿತ್ತು.

"ಅಪ್ಪ, ನೀನು ಕೂತಲ್ಲೇ ಬ್ರೇಕ್ ಒತ್ತಾ ಇದೀಯ."

ಅವನು ನೋಡಿಕೊಂಡ. ಹಿಮ್ಮಡಿ ಎದ್ದಿತ್ತು, ಬೆರಳುಗಳು ನೆಲವನ್ನು ಒತ್ತಿದ್ದವು, ಮೀನಖಂಡ ಕಲ್ಲಾಗಿತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತ ಡ್ರೈವರು ಹೀಗೆಯೇ ಮಾಡುತ್ತಾನೆ, ತನಗೆ ಬ್ರೇಕಿಲ್ಲ ಎಂಬುದು ಅವನ ಕಾಲಿಗೆ ಗೊತ್ತಿರುವುದಿಲ್ಲ. ಈಗ ಲೋಕವೇ ಯಾರೋ ಓಡಿಸುವ ಗಾಡಿಯಾಗಿತ್ತು, ಅದೂ ಇಳಿಜಾರಿನಲ್ಲಿ. ಅವನು ಕಾಲು ಸಡಿಲ ಬಿಟ್ಟ. ಮುಂದಿನ ಸುದ್ದಿಯ ಹೊತ್ತಿಗೆ ಮತ್ತೆ ಒತ್ತಿದ್ದ.

ಹೆಂಡತಿ ಡಾಕ್ಟರಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟಳು. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಎಂದರು, ಸುದ್ದಿ ದಿನಕ್ಕೆ ಒಂದೇ ಸಲ ನೋಡಿ ಎಂದರು, ಹೊತ್ತಿಗೆ ಸರಿಯಾಗಿ ಮಲಗಿ ಎಂದರು, ಮುಖ್ಯವಾಗಿ ಒಂದು ಗಂಟೆ ನಡೆಯಿರಿ ಎಂದರು.

"ನಡೆಯೋದೆಲ್ಲಿ ಡಾಕ್ಟ್ರೇ? ಬೀದಿಗಿಳಿದ್ರೆ ಪೊಲೀಸ್ನೋರು ವಾಪಸ್ ಕಳಿಸ್ತಾರೆ."

"ಮನೇಲೇ ನಡೀರಿ. ಕಾಲಿಗೇನು ಗೊತ್ತಾಗುತ್ತೆ?"

ಮಾತ್ರೆ ನುಂಗುವುದು ಸುಲಭವಾಯಿತು. ಉಪ್ಪು ಅದೇ ದಿನ ಕಡಿಮೆಯಾಯಿತು. ತಟ್ಟೆಯ ಮುಂದೆ ಕೂತು ಅವನು "ಉಪ್ಪಿಗಿಂತ ರುಚಿಯಿಲ್ಲ ಅಂತಾರೆ" ಎಂದು ಗೊಣಗಿದ.

"ತಾಯಿಗಿಂತ ಬಂಧುವಿಲ್ಲ ಅಂತಾನೂ ಅಂತಾರೆ. ಅವ್ರು ಹೋಗಿ ಹತ್ತು ವರ್ಷ ಆಯ್ತು, ಈಗ ಇರೋಳು ನಾನು. ಊಟ ಮಾಡಿ" ಎಂದಳು ಹೆಂಡತಿ.

ನಡಿಗೆ ಮಾತ್ರ ಸಾಗಲಿಲ್ಲ. ಬಾಲ್ಕನಿಯ ಬಾಗಿಲಿನಿಂದ ಅಡುಗೆಮನೆಯ ಸಿಂಕಿನವರೆಗೆ ಹನ್ನೊಂದು ಹೆಜ್ಜೆ. ಎರಡು ದಿನ ಹೋಗಿ ಬಂದು ಮಾಡಿದ. ಮೂರನೆಯ ದಿನ "ನನ್ನನ್ನ ಗಾಣದೆತ್ತು ಮಾಡಿಬಿಟ್ರಿ" ಎಂದು ಕೂತುಬಿಟ್ಟ. ಇಪ್ಪತ್ತೇಳು ವರ್ಷ ಜನರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸಿದವನಿಗೆ ಎಲ್ಲಿಗೂ ಮುಟ್ಟದ ಈ ನಡಿಗೆ ಅವಮಾನವೆನಿಸಿತ್ತು. ಹೆಂಡತಿ ವಾದ ಮಾಡಲಿಲ್ಲ. ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಯಾರಿಗೋ ಫೋನು ಮಾಡಿದಳು.

ಮರುದಿನ ಬೆಳಗ್ಗೆ ಆರೂ ಹತ್ತಕ್ಕೆ ನಿಧಾನಪ್ಪನ ಫೋನು ಬಡಿದುಕೊಂಡಿತು. ಆರೂ ಹತ್ತು ಎಂದರೆ ಅವನ ಬಸ್ಸಿನ ಮೊದಲ ಟ್ರಿಪ್ಪು.

"ಡ್ರೈವರ್ ಸಾಹೇಬ್ರೇ, ಗಾಡಿ ತೆಗೀರಿ. ಜನ ಕಾಯ್ತಾ ಇದಾರೆ."

"ಯಾವ ಗಾಡಿ? ಯಾವ ಜನ? ಬೆಳಿಗ್ಗೆ ಬೆಳಿಗ್ಗೆ ತಲೆ ಕೆಟ್ಟಿದೆಯೇನೋ ನಿಂಗೆ?"

"ಡ್ಯೂಟೀಲಿ ಏಕವಚನ ಇಲ್ಲ" ಎಂದ ಹೋಲ್ಡಾನ್. "ನಡೀರಿ ಅಂದ್ರೆ ನಡೆಯಲ್ವಂತೆ. ಸರಿ, ನಡೀಬೇಡಿ. ಬಸ್ ಓಡ್ಸಿ. ಹೊರಡೋಕೆ ಮುಂಚೆ ಒಂದು ಮಾತು, ಬಾಯಿ ಊದಿ ತೋರಿಸಿ. ಟೀವಿ ನೋಡಿದೀರಾ?"

"ಇನ್ನೂ ಹಾಕಿಲ್ಲ."

"ಒಳ್ಳೇದು. ಟೀವಿ ಕುಡಿದು ಗಾಡಿ ಓಡ್ಸೋ ಹಾಗಿಲ್ಲ. ರೈಟ್."

ಆ ರೈಟ್ ಕಿವಿಗೆ ಬಿದ್ದದ್ದೇ ತಡ, ನಿಧಾನಪ್ಪನ ಕಾಲು ಎದ್ದಿತು. ಅವನಿಗೆ ಅದರ ಬಗ್ಗೆ ನಾಚಿಕೆಯೂ ಆಯಿತು. ಆದರೆ ಅಷ್ಟರಲ್ಲಿ ಅವನು ಬಾಲ್ಕನಿ ಬಿಟ್ಟು ಹೊಲಿಗೆ ಯಂತ್ರ ದಾಟಿಯಾಗಿತ್ತು.

ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಎಂಬುದರ ಬಗ್ಗೆ ಮೊದಲ ದಿನವೇ ಜಗಳವಾಯಿತು. ಹತ್ತು ಸುತ್ತು ಎಂದು ತೀರ್ಮಾನವಾಯಿತು. ಹನ್ನೊಂದನೆಯ ಸ್ಟಾಪಿನ ಆಚೆ ಸೇತುವೆ ಇದ್ದದ್ದರಿಂದ ಅಲ್ಲಿ ಹದಿನೈದು. ಒಟ್ಟು ಇಪ್ಪತ್ತಾರು ಸ್ಟಾಪು. ಹೋಲ್ಡಾನ್ ತನ್ನ ಬಾಡಿಗೆ ಕೋಣೆಯ ಮಂಚದ ಮೇಲೆ ಕೂತು ಒಂದೊಂದನ್ನೇ ಕೂಗುತ್ತಿದ್ದ: ಹಾಲಿನ ಡೈರಿ, ಹಳೇ ಪೋಸ್ಟಾಫೀಸು, ಹೆಣ್ಣುಮಕ್ಕಳ ಶಾಲೆ. ಸ್ಟಾಪಿನಲ್ಲಿ ನಿಧಾನಪ್ಪ ನಿಲ್ಲಲೇಬೇಕು, ಕೈಕಾಲು ಸಡಿಲ ಬಿಟ್ಟು ಐದು ಉಸಿರು ಎಳೆದು ಬಿಡಲೇಬೇಕು. ಅಷ್ಟು ಹೊತ್ತು ಹೋಲ್ಡಾನ್ ಹತ್ತುವವರನ್ನೂ ಇಳಿಯುವವರನ್ನೂ ವರ್ಣಿಸುತ್ತಿದ್ದ.

"ಡೈರಿ ಸ್ಟಾಪು. ಕ್ಯಾನ್ ತಾತ ಹತ್ತಿದಾನೆ. ಕ್ಯಾನ್ ದಾರೀಲಿ ಇಡಬೇಡಿ ಅಂದೆ, ಎಂದಿನ ಹಾಗೆ ಕೇಳಿಸ್ಕೊಂಡಿಲ್ಲ. ಹಿಂದುಗಡೆ ಸೀಟಿಗೆ ಇಬ್ರು ಹೊಡೆದಾಡ್ತಾ ಇದಾರೆ, ಮುಂದುಗಡೆ ಐದು ಸೀಟು ಖಾಲಿ ಇದೆ. ರೈಟ್."

ಸ್ಪೀಕರಿನಲ್ಲಿ ಕೇಳುತ್ತಿದ್ದ ಹೆಂಡತಿ, ಮಗಳಿಗೆ ಇದು ಟೀವಿಗಿಂತ ಒಳ್ಳೆಯದೆನಿಸಿತು. "ಯಾವ ಸ್ಟಾಪಲ್ಲಿದೀರ? ಶಾಲೆ ಹತ್ರಾನಾ? ಹಾಗಾದ್ರೆ ಪಾತ್ರೆ ತೊಳೆದುಬಿಡ್ತೀನಿ, ನೀವು ಸೇತುವೆ ದಾಟೋಷ್ಟರಲ್ಲಿ ಆಗುತ್ತೆ" ಎಂದು ಹೆಂಡತಿ ಹೇಳುವ ಮಟ್ಟಿಗೆ ಬಂತು. ಮಗಳು ರಕ್ತದೊತ್ತಡದ ಯಂತ್ರವನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಭಾನುವಾರ ಮಾತ್ರ ತೆಗೆಯುವುದೆಂದು ಸಾರಿದಳು. ಕೆಳಮನೆಯ ನಿವೃತ್ತ ಮೇಷ್ಟ್ರು ಒಂದು ದಿನ ಹೆಜ್ಜೆಯ ಸದ್ದಿಗೆ ಸಿಟ್ಟಾಗಿ ಕೋಲಿನಿಂದ ಚಾವಣಿ ಬಡಿದರು. ಫೋನಿನಲ್ಲಿ ಅದು ಕೇಳಿಸಿ ಹೋಲ್ಡಾನ್, "ಯಾರೋ ಇಳೀಬೇಕಂತೆ, ಹೋಲ್ಡಾನ್" ಎಂದ. ನಿಧಾನಪ್ಪ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕದ್ದು ಆಗ. ಮರುದಿನದಿಂದ ದಪ್ಪ ಕಾಲುಚೀಲ ಹಾಕಿಕೊಂಡು ಗಾಡಿ ಓಡಿಸಿದ.

ಇದರಿಂದ ನಿಧಾನಪ್ಪನಿಗೆ ಮಾತ್ರ ಉಪಕಾರವಾಯಿತು ಎಂದುಕೊಂಡರೆ ತಪ್ಪು. ಹೋಲ್ಡಾನನಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಾಗಿರಲಿಲ್ಲ. ದಿನಕ್ಕೆ ನೂರಾರು ಜನರ ಜೊತೆ ಬಾಯಿ ಮಾಡಿ ಬದುಕಿದವನು ಎರಡು ತಿಂಗಳಿಂದ ಗೋಡೆ ನೋಡುತ್ತಿದ್ದ. ಬಸ್ಸು ಹತ್ತಿಸಿಕೊಂಡ ಕ್ಯಾನ್ ತಾತನೂ ಜಗಳಗಂಟರೂ ಮೊದಲು ಅವನಿಗೇ ಬೇಕಾಗಿದ್ದರು. ನಿಧಾನಪ್ಪನಿಗೆ ಇದು ಹೊಳೆಯಲು ಮೂರು ವಾರ ಹಿಡಿಯಿತು, ಬಾಲ್ಕನಿಯಿಂದ ಹೋಲ್ಡಾನನಿಗೆ ಫೋನು ಮಾಡಿದ ದಿನವೇ ಅವನ ಹೆಂಡತಿಗೆ ಅದು ಗೊತ್ತಿತ್ತು.

ಭಾನುವಾರದ ಅಂಕಿ ನೂರೈವತ್ತೇಳಕ್ಕೆ ಇಳಿಯಿತು, ಆಮೇಲೆ ನೂರೈವತ್ತೆರಡಕ್ಕೆ, ನೂರನಲವತ್ತೇಳಕ್ಕೆ. ಸುದ್ದಿ ಸಂಜೆ ಅರ್ಧ ಗಂಟೆ. ರಾತ್ರಿ ಹತ್ತಕ್ಕೆ ಗೊರಕೆ.

ಐದನೆಯ ವಾರದ ಒಂದು ಬುಧವಾರ, ಹದಿನೆಂಟನೆಯ ಸ್ಟಾಪಿನಲ್ಲಿ, ಅಂದರೆ ನೀರಿನ ಟ್ಯಾಂಕಿನ ಹತ್ತಿರ, ಹೋಲ್ಡಾನ್ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. "ಒಂದ್ನಿಮಿಷ ಸಾಹೇಬ್ರೇ" ಎಂದ. ಮತ್ತೆ ಕೆಮ್ಮಿದ. ಫೋನು ಕಡಿದುಹೋಯಿತು. ಮರುದಿನ ಆರೂ ಹತ್ತಕ್ಕೆ ಫೋನು ಬರಲಿಲ್ಲ, ಇವನು ಮಾಡಿದರೆ ಆಫಾಗಿತ್ತು. ಸಂಜೆ ಅವನ ಮನೆಯೊಡೆಯನ ನಂಬರು ಹುಡುಕಿ ಕೇಳಿದ್ದಕ್ಕೆ, ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು, ಆಕ್ಸಿಜನ್ ಹಾಕಿದ್ದಾರಂತೆ, ಹೆಚ್ಚೇನೂ ಗೊತ್ತಿಲ್ಲ ಎಂಬ ಉತ್ತರ ಬಂತು.

ನಿಧಾನಪ್ಪ ಟೀವಿಯ ಮುಂದಿನ ಕುರ್ಚಿಯಲ್ಲಿ ಹೋಗಿ ಕೂತ. ನಾಲ್ಕು ದಿನ ನಡೆಯಲಿಲ್ಲ. ಟೀವಿ ಮತ್ತೆ ಬೆಳಗ್ಗೆ ಏಳಕ್ಕೆ ಶುರುವಾಯಿತು. ಬಲಗಾಲು ಚಾಪೆಯ ತೂತಿಗೆ ಮರಳಿತು. ನಡೀರಿ ಎಂದು ಹೆಂಡತಿ ಮೂರು ಸಲ ಹೇಳಿದ್ದಕ್ಕೆ ಕೊನೆಗೊಮ್ಮೆ ಬಾಯಿ ಬಿಟ್ಟ.

"ಗಾಡಿ ಟ್ಯಾಂಕ್ ಸ್ಟಾಪಲ್ಲಿ ನಿಂತಿದೆ. ಅವನು ರೈಟ್ ಹೇಳಿಲ್ಲ."

ಇದು ಮೊಂಡುತನವಾಗಿತ್ತು, ಆದರೆ ಬರಿಯ ಮೊಂಡುತನವಲ್ಲ. ಕಂಡಕ್ಟರು ಹೇಳದೆ ಗಾಡಿ ಎತ್ತಿದರೆ ಯಾರದೋ ಕಾಲು ಇನ್ನೂ ನೆಲದ ಮೇಲಿರುತ್ತದೆ. ಡ್ರೈವಿಂಗಿನ ಮೊದಲ ಪಾಠವದು. ಹೋಲ್ಡಾನನನ್ನು ಹಿಂದೆ ಬಿಟ್ಟು ಹೊರಟಂತಾಗುತ್ತದೆಂದು ಅವನ ಮನಸ್ಸು ಒಪ್ಪುತ್ತಿರಲಿಲ್ಲ.

ಹೆಂಡತಿ ಹೊಲಿಗೆ ನಿಲ್ಲಿಸಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನ ಬಸ್ಸಿಗೆ ಒಂದು ದಿನವೂ ನಿಲ್ಲು, ಹೊರಡು ಎಂದವಳಲ್ಲ. ಎದ್ದು ಬಂದು ಟೀವಿ ಆರಿಸಿದಳು, ಅವನ ಹಿಂದೆ ಹೋಗಿ ನಿಂತಳು.

"ರೈಟ್" ಎಂದಳು.

ಅವನು ಅಲ್ಲಾಡಲಿಲ್ಲ. "ನಿಂಗೆ ಬ್ಯಾಡ್ಜ್ ಇಲ್ಲ."

"ಬ್ಯಾಡ್ಜ್ ಇರೋರು ಆಸ್ಪತ್ರೇಲಿದಾರೆ. ಅವ್ರು ವಾಪಸ್ ಬಂದು ಕೇಳ್ತಾರೆ, ನನ್ನ ಬಸ್ ಎಲ್ಲಿ ಅಂತ. ನಡುರಸ್ತೇಲಿ ಬಿಟ್ಟು ಕೂತಿದ್ದೆ ಅಂತೀರಾ? ಕೇಳಿಸ್ಲಿಲ್ವಾ, ರೈಟ್."

ಅವನು ಎದ್ದ. ಕಣ್ಣು ತುಂಬಿತ್ತು. ದಾರಿ ಕಾಣುವಷ್ಟು ಒರೆಸಿಕೊಂಡು ಹತ್ತೊಂಬತ್ತನೆಯ ಸ್ಟಾಪಿನ ಕಡೆಗೆ ಹೊರಟ. ಅವಳಿಗೆ ಸ್ಟಾಪುಗಳ ಹೆಸರು ಸಾಲಾಗಿ ಬರುತ್ತಿರಲಿಲ್ಲವಾದ್ದರಿಂದ "ಈಗ ಯಾವುದೋ ಒಂದು, ನಿಲ್ಲಿ" ಎನ್ನುತ್ತಿದ್ದಳು. ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಖಾಲಿ ಬಸ್ಸು ಹಾಗೆ ಎರಡೂವರೆ ವಾರ ಓಡಿತು.

ಇಪ್ಪತ್ತೊಂದನೆಯ ದಿನ ಬೆಳಗ್ಗೆ, ಆರೂ ಹತ್ತಕ್ಕಲ್ಲ, ಎಂಟೂವರೆಗೆ ಫೋನು ಬಂತು. ಆ ಕಡೆ ಮೊದಲು ಉಸಿರಿನ ಸದ್ದು ಮಾತ್ರ ಕೇಳಿಸಿತು.

"ಗಾಡಿ... ಎಲ್ಲಿದೆ?"

"ಓಡ್ತಾ ಇದೆ" ಎಂದ ನಿಧಾನಪ್ಪ. "ನೀನೆಲ್ಲಿದೀಯ?"

"ಮನೆ. ಡ್ಯೂಟೀಲಿ... ಏಕವಚನ..."

"ಇಲ್ಲ. ತಪ್ಪಾಯ್ತು."

ಹೋಲ್ಡಾನ್ ಬದುಕಿ ಬಂದಿದ್ದ, ಆದರೆ ಉಸಿರು ಅರ್ಧ ಅಲ್ಲೇ ಉಳಿದಿತ್ತು. ದಿನಕ್ಕೆ ಎರಡು ಹೊತ್ತು ಉಸಿರಿನ ಅಭ್ಯಾಸ ಮಾಡಬೇಕೆಂದು ಡಾಕ್ಟರು ಹೇಳಿದ್ದರು; ಮೂಗಿನಿಂದ ಎಳೆದು, ತುಟಿ ಚೂಪು ಮಾಡಿ ಮೆಲ್ಲಗೆ ಬಿಡುವುದು. ಒಬ್ಬನೇ ಮಾಡಲು ಬೇಜಾರು. ಹೀಗಾಗಿ ಟ್ರಿಪ್ಪು ಮತ್ತೆ ಶುರುವಾಯಿತು. ಆದರೆ ಈಗ ಸ್ಟಾಪಿನಲ್ಲಿ ಕಾಯುವುದು ಯಾರಿಗಾಗಿ ಎಂಬುದು ಅದಲುಬದಲಾಗಿತ್ತು. ಕ್ಯಾನ್ ತಾತ, ಜಗಳಗಂಟರು ಯಾರೂ ಹತ್ತುತ್ತಿರಲಿಲ್ಲ. ಹೋಲ್ಡಾನನ ರೈಟ್ ಎರಡು ತುಂಡಾಗಿ ಬರುತ್ತಿತ್ತು. "ರೈ" ಎಂದು, ನಡುವೆ ಉಸಿರು ಹುಡುಕಿ, "ಟ್" ಎನ್ನುತ್ತಿದ್ದ. ಆ ಎರಡನೆಯ ತುಂಡು ಬರುವವರೆಗೆ ನಿಧಾನಪ್ಪ ಹೆಜ್ಜೆ ಎತ್ತುತ್ತಿರಲಿಲ್ಲ. ಒಂದು ಗಂಟೆಯ ಟ್ರಿಪ್ಪು ಒಂದೂಮುಕ್ಕಾಲು ಗಂಟೆಯಾಯಿತು. ಅವನ ಹೆಸರು ಕೊನೆಗೂ ನಿಜವಾಯಿತೆಂದು ಹೆಂಡತಿ ನಕ್ಕಳು.

ತಪಾಸಣೆಯ ದಿನ ಇಬ್ಬರೂ ಐದು ತಿಂಗಳ ನಂತರ ಒಬ್ಬರನ್ನೊಬ್ಬರು ಕಂಡರು. ಡಿಪೋದ ಓಣಿಯಲ್ಲಿ ದೂರದೂರ ಕುರ್ಚಿ ಹಾಕಿದ್ದರು. ನಿಧಾನಪ್ಪನ ಬಾಯಿಗೆ ತನ್ನದೇ ಹಳೆಯ ಅಂಗಿಯ ಖಾಕಿ ಮಾಸ್ಕು. ಹೋಲ್ಡಾನನಿಗೂ ಒಂದನ್ನು ನಿಧಾನಪ್ಪನ ಹೆಂಡತಿ ಕಳಿಸಿದ್ದಳು.

"ಸಣ್ಣಗಾಗಿದೀಯ" ಎಂದ ನಿಧಾನಪ್ಪ.

"ನೀನೂ. ನಿಂದು ನಡೆದು, ನಂದು ಮಲಗಿ."

ಒಳಗೆ ಡಾಕ್ಟರಮ್ಮ ಮೇಜಿನ ಹಿಂದೆ, ನರ್ಸು ಯಂತ್ರದ ಹತ್ತಿರ. ಗಾಳಿಯಾಡಲೆಂದು ಬಾಗಿಲು, ಕಿಟಕಿ ತೆಗೆದೇ ಇಟ್ಟಿದ್ದರು. ನಿಧಾನಪ್ಪನ ಕುರ್ಚಿ ಕಿಟಕಿಗೆ ಎದುರಾಗಿತ್ತು, ಕಿಟಕಿಯ ಆಚೆ ಟಯರ್ ಶೆಡ್ಡು. ಅಲ್ಲಿ ಇಬ್ಬರು ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ನರ್ಸು ಪಟ್ಟಿ ಸುತ್ತಿದಳು, ಯಂತ್ರ ಗುರುಗುಟ್ಟಿತು. ನೂರೈವತ್ತೆಂಟು.

ಮನೆಯಲ್ಲಿ ಕಳೆದ ಭಾನುವಾರ ನೂರನಲವತ್ತೊಂದು ಇತ್ತು ಎಂದು ಅವನು ಹೇಳಿದ. ಡಾಕ್ಟರಮ್ಮ ಇಂಥ ಮಾತು ಬೆಳಗಿನಿಂದ ಹದಿನಾಲ್ಕು ಸಲ ಕೇಳಿದ್ದಳು.

"ಐದು ನಿಮಿಷ ಸುಮ್ನೆ ಕೂತಿರಿ. ಇನ್ನೊಂದು ಸಲ ನೋಡೋಣ. ಆದ್ರೆ ಅದೇ ಕೊನೇದು."

"ಕಾಲು ಸಡಿಲ ಬಿಡಿ" ಎಂದಳು ನರ್ಸು. ಅವನು ಬಿಟ್ಟ ಎಂದುಕೊಂಡ. ಸಡಿಲ ಬಿಡಬೇಕು ಎಂದು ಯೋಚಿಸಿದಷ್ಟೂ ಬಿಗಿಯಾಯಿತು. ಐದು ನಿಮಿಷ ಕಳೆಯಿತು. ಈ ಸಲ ಅವಳು ಬಲತೋಳಿಗೆ ಪಟ್ಟಿ ಸುತ್ತಿ ಗುಂಡಿಯ ಮೇಲೆ ಬೆರಳಿಟ್ಟಳು.

ಹತ್ತೊಂಬತ್ತು ವರ್ಷ ಹೋಲ್ಡಾನ್ ಅವನನ್ನು ಹಿಂದಿನಿಂದ ನೋಡಿದ್ದ. ಕಂಡದ್ದು ತಲೆ, ಹೆಗಲು, ಕಾಲರು ಮಾತ್ರ. ಇಂದು ಓಣಿಯ ಕುರ್ಚಿಯಿಂದ, ತೆರೆದ ಬಾಗಿಲಿನಲ್ಲಿ, ಮೊದಲ ಸಲ ಆ ಕಾಲು ಕಂಡಿತು. ಬೂಟಿನ ಹಿಮ್ಮಡಿ ಎದ್ದಿತ್ತು, ತುದಿ ನೆಲವನ್ನು ಒತ್ತುತ್ತಿತ್ತು. ಹೋಲ್ಡಾನ್ ಮಾಸ್ಕು ಕೆಳಗೆಳೆಯಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಂಡ, ಸಾಲದೆಂದು ಇನ್ನಷ್ಟು ಎಳೆದುಕೊಂಡ.

"ಹೋಲ್ಡಾನ್."

ಹಳೆಯ ದನಿಯ ಕಾಲು ಭಾಗವೂ ಇರಲಿಲ್ಲ. ಒಂದೇ ಉಸಿರಿನಲ್ಲಿ ಬಂದಿತ್ತು, ತುಂಡಾಗಿರಲಿಲ್ಲ. ನರ್ಸು ಸಿಟ್ಟಿನಿಂದ ಬಾಗಿಲ ಕಡೆ ತಿರುಗಿದಳು. ನಿಧಾನಪ್ಪನ ಎಡಗೈ ಗಾಳಿಯಲ್ಲಿ ಚಾಚಿ ಇಲ್ಲದ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿತು, ಇಲ್ಲದ ಹ್ಯಾಂಡ್‌ಬ್ರೇಕು ಎಳೆಯಿತು. ಬಲಗಾಲು ಮೇಲೆದ್ದು, ಪೂರ್ತಿ ಹಿಮ್ಮಡಿಯ ಮೇಲೆ ಬಂದು, ಹಗುರಾಗಿ ಕೂತಿತು. ಹೆಗಲು ಇಳಿಯಿತು. ಒಂದು ಉದ್ದನೆಯ ಉಸಿರು ಹೊರಗೆ ಬಂತು, ಆಮೇಲೆ ಇನ್ನೊಂದು, ಲೆಕ್ಕಕ್ಕೆ ಐದು.

"ಈಗ ಒತ್ತಿ ಸಿಸ್ಟರ್" ಎಂದ.

ನೂರನಲವತ್ತನಾಲ್ಕು. ಡಾಕ್ಟರಮ್ಮ ಕಾಗದದ ಮೇಲೆ "ಅರ್ಹ" ಎಂದು ಬರೆದು, ಮಾತ್ರೆ ನಿಲ್ಲಿಸಬೇಡಿ, ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಳು. ಅವನು ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದ.

ಮುಂದಿನ ಸರದಿ ಹೋಲ್ಡಾನನದು. ಬೆರಳಿಗೆ ಕ್ಲಿಪ್ಪು ಹಾಕಿ ಓಣಿಯಲ್ಲಿ ಆರು ನಿಮಿಷ ನಡೆಸಿದರು. ನಿಧಾನಪ್ಪ ಗೋಡೆಗೆ ಒರಗಿ ನೋಡುತ್ತಿದ್ದ. ನಾಲ್ಕನೆಯ ನಿಮಿಷಕ್ಕೆ ಹೋಲ್ಡಾನ್ ಕಿಟಕಿಯ ಸರಳು ಹಿಡಿದು ನಿಂತ. "ಹೋಲ್ಡಾನ್" ಎನ್ನಬೇಕೆಂದು ನಿಧಾನಪ್ಪನ ನಾಲಿಗೆಯ ತುದಿಗೆ ಬಂತು, ಹೇಳಲಿಲ್ಲ. ಅವನು ಆಗಲೇ ನಿಂತಾಗಿತ್ತು.

ಅವನಿಗೆ ಬಸ್ಸಿನಲ್ಲಿ ನಿಂತು ಮಾಡುವ ಕೆಲಸ ಇನ್ನು ಬೇಡವೆಂದು ಬರೆದರು.

"ಗೇಟ್ ಡ್ಯೂಟಿ" ಎಂದ ಹೋಲ್ಡಾನ್ ಹೊರಗೆ ಬಂದು. "ಕುರ್ಚಿ ಇದೆ. ಫ್ಯಾನ್ ಇದೆ. ಮಾತಾಡೋಕೆ ಡ್ರೈವರುಗಳು ಬರ್ತಾರೆ, ಹೋಗ್ತಾರೆ. ಇನ್ನೇನು ಬೇಕು ನಂಗೆ?"

ಸ್ಟೇರಿಂಗ್ ಉಳಿದ ದಿನ ನಿಧಾನಪ್ಪನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ತನ್ನನ್ನು ಬಸ್ಸಿಗೆ ಮರಳಿ ಹತ್ತಿಸಿದವನೇ ಕೆಳಗೆ ಉಳಿದಿದ್ದ.

ಬಸ್ಸುಗಳು ಶುರುವಾದ ದಿನ ಬೆಳಗ್ಗೆ ಆರೂ ಹತ್ತಕ್ಕೆ ಅವನ ಬಸ್ಸು ಗೇಟಿಗೆ ಬಂತು. ಒಂದು ಬಿಟ್ಟು ಒಂದು ಸೀಟಿಗೆ ಕೆಂಪು ಟೇಪು ಹಚ್ಚಿದ್ದರು. ಹೊಸ ಕಂಡಕ್ಟರು ಬೇರೆ ಡಿಪೋದಿಂದ ಬಂದ, ನಲವತ್ತರ ಆಸುಪಾಸಿನ ಹೆಂಗಸು. ಕೆಲಸ ಬಲ್ಲವಳು, ಬೆಲ್ಲಿನ ಮೇಲೆ ನಂಬಿಕೆಯುಳ್ಳವಳು. ಗೇಟಿನ ಅಡ್ಡಪಟ್ಟಿ ಮೇಲೆದ್ದಿತು. ಅವಳು ಎರಡು ಬೆಲ್ಲು ಹೊಡೆದಳು. ಬಸ್ಸು ಅಲ್ಲಾಡಲಿಲ್ಲ. ಹಿಂದಿನ ಬಸ್ಸು ಹಾರ್ನು ಹೊಡೆಯಿತು.

"ಸರ್, ಡಬಲ್ ಬೆಲ್ ಕೊಟ್ಟಿದೀನಿ."

"ಕೇಳಿಸ್ತಮ್ಮಾ."

"ಗೇಟೂ ತೆಗೆದಿದೆ."

"ಕಾಣ್ತಿದೆ."

ಅವಳು ಕೈಯಲ್ಲಿದ್ದ ಪಟ್ಟಿ ನೋಡಿದಳು. "ಇದು ಸ್ಟಾಪ್ ಅಲ್ವಲ್ಲ ಸರ್. ಇದ್ರಲ್ಲಿ ಇಪ್ಪತ್ತಾರೇ ಇರೋದು."

"ಇವತ್ತಿಂದ ಇಪ್ಪತ್ತೇಳು."

ಅವನು ಗೇರನ್ನು ನ್ಯೂಟ್ರಲ್ಲಿಗೆ ತಂದ, ಹ್ಯಾಂಡ್‌ಬ್ರೇಕು ಎಳೆದ, ಪೆಡಲಿನಿಂದ ಕಾಲು ಎತ್ತಿದ. ಕಿಟಕಿಯ ಕೆಳಗೆ ಹೋಲ್ಡಾನ್ ಕುರ್ಚಿಯಿಂದ ಎದ್ದು, ಗೇಟಿನ ಕಂಬಕ್ಕೆ ಕೈ ಕೊಟ್ಟು, ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಿದ್ದ. ಹಿಂದೆ ಇನ್ನೊಂದು ಹಾರ್ನು ಸೇರಿಕೊಂಡಿತು. ವೇಳಾಪಟ್ಟಿಯಲ್ಲಿ ಒಂದು ಗಂಟೆ ಇತ್ತು.

"ರೈ" ಎಂದ ಹೋಲ್ಡಾನ್.

ನಿಧಾನಪ್ಪ ಗೇರು ಹಾಕಿ, ಎರಡನೆಯ ತುಂಡು ಬರುವವರೆಗೆ ಕಾದ.